ಹಳೆಯ ಮ್ಯಾಜಿಕ್ ಟ್ರ್ಯಾಕ್‌ಪ್ಯಾಡ್, ಹೊಸ ಮ್ಯಾಕ್‌ಓಎಸ್, ಎರಡು ದಿನದ ರಗಳೆ

ವರನ ಹೆಸರನ್ನು ಹಿಡಿದು ಸ್ವಲ್ಪ ಬಲಕ್ಕೆ ಎಳೆಯುತ್ತಿದ್ದೆ. ಕರ್ಸರ್ ಒಂದು ಕ್ಷಣ ನಿಂತಿತು, ಆಮೇಲೆ ಒಂದೇ ನೆಗೆತ. ಚಿರಂಜೀವಿ ಹೋಗಿ ಗಣಪತಿಯ ಸೊಂಡಿಲ ಮೇಲೆ ಕೂತ. ಮೊದಲ ಸಲ ನಗು ಬಂತು. ಹತ್ತನೇ ಸಲ ಬರಲಿಲ್ಲ.

ನಾನು ಮೈಸೂರಿನಲ್ಲಿ ಮನೆಯಲ್ಲೇ ಕೂತು ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು ಡಿಸೈನ್ ಮಾಡುತ್ತೇನೆ. ಇರುವುದು ಆಪಲ್‌ನ ಪುಟ್ಟ ಕಂಪ್ಯೂಟರ್, 2014ರ ಮ್ಯಾಕ್ ಮಿನಿ. ಅದರ ಜೊತೆಗೆ ಮೌಸ್ ಬದಲು ಬೆರಳಾಡಿಸುವ, ವೈರ್ ಇಲ್ಲದೆ ಬ್ಲೂಟೂತ್‌ನಲ್ಲಿ ಓಡುವ ಮೊದಲ ತಲೆಮಾರಿನ ಮ್ಯಾಜಿಕ್ ಟ್ರ್ಯಾಕ್‌ಪ್ಯಾಡ್. ಅಂದರೆ 2010ರಲ್ಲಿ ಬಂದದ್ದು, ಎರಡು ಎಎ ಸೆಲ್ ಹಾಕುವಂಥದ್ದು. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದೆ, ಚೌಕಾಸಿ ಮಾಡಿ ಎರಡು ಸಾವಿರಕ್ಕೆ. ಇಷ್ಟು ವರ್ಷ ಅದರ ಬಗ್ಗೆ ಬರೆಯಬೇಕು ಅಂತ ಅನಿಸಿರಲಿಲ್ಲ, ಯಾಕೆಂದರೆ ಅದು ಇದೆ ಅನ್ನುವುದೇ ಮರೆತುಹೋಗಿತ್ತು. ಈಗ ಮಿನಿಯನ್ನು ನಡೆಸುವ ತಂತ್ರಾಂಶ ಮ್ಯಾಕ್‌ಓಎಸ್ ಅಪ್‌ಗ್ರೇಡ್ ಮಾಡಿದ ಮೇಲೆ ಎರಡು ದಿನ ಬೇರೆ ಏನೂ ಯೋಚನೆ ಇರಲಿಲ್ಲ.

ಮೊದಲು ವಸ್ತುವಿನ ಬಗ್ಗೆ ಹೇಳುತ್ತೇನೆ. ಮೇಲೆ ಗಾಜು, ಕೆಳಗೆ ಅಲ್ಯೂಮಿನಿಯಂ, ಹಿಂದೆ ಸೆಲ್ ಕೂರುವ ಉರುಟು ಕೊಳವೆ. ಆ ಕೊಳವೆಯಿಂದಲೇ ಹಿಂಭಾಗ ಎತ್ತರವಾಗಿ, ಕೈ ಇಳಿಜಾರಿನಲ್ಲಿ ಕೂರುತ್ತದೆ. ಡಿಸೆಂಬರ್ ಬೆಳಗ್ಗೆ ಮುಟ್ಟಿದರೆ ಗಾಜು ತಣ್ಣಗೆ ಕೊರೆಯುತ್ತದೆ, ಐದು ನಿಮಿಷದಲ್ಲಿ ಸರಿಹೋಗುತ್ತೆ. ನನ್ನ ಕೆಲಸಕ್ಕೆ ಮೌಸ್‌ಗಿಂತ ಇದೇ ವಾಸಿ. ಎರಡು ಬೆರಳು ಅಗಲಿಸಿದರೆ ಅಕ್ಷರ ದೊಡ್ಡದಾಗುತ್ತೆ, ಒತ್ತಕ್ಷರ ಮೇಲಿನ ಸಾಲಿಗೋ ಕೆಳಗಿನ ಗೆರೆಗೋ ತಾಗಿದೆಯಾ ಅಂತ ತಕ್ಷಣ ಕಾಣುತ್ತೆ. ದಿನಕ್ಕೆ ಇನ್ನೂರು ಸಲ ಮಾಡುವ ಕೆಲಸ ಅದು.

ಒಂದು ವಿಚಿತ್ರ ಇದೆ. ಇದರ ಕ್ಲಿಕ್ ಗುಂಡಿ ಇರುವುದು ಮೇಲಲ್ಲ, ಅಡಿಯಲ್ಲಿ. ಮುಂಭಾಗದ ಎರಡು ರಬ್ಬರ್ ಪಾದಗಳೇ ಗುಂಡಿ. ಪ್ಯಾಡ್ ಒತ್ತಿದರೆ ಪಾದ ಮೇಜಿಗೆ ಒತ್ತಿ ಕ್ಲಿಕ್ ಆಗುತ್ತೆ. ಅಮ್ಮ ಮೇಜಿಗೆ ದಪ್ಪ ಕ್ರೋಶ ಬಟ್ಟೆ ಹಾಸಿದ ದಿನ ಕ್ಲಿಕ್ ಸರಿಯಾಗಿ ಆಗದೆ ಒದ್ದಾಡಿದ್ದೆ. ಬರಿ ಮೇಜಿನ ಮೇಲೇ ಇಡಬೇಕು. ಅಥವಾ ಸೆಟ್ಟಿಂಗ್‌ನಲ್ಲಿ ತಟ್ಟಿದರೆ ಕ್ಲಿಕ್ ಆಗುವಂತೆ ಮಾಡಿಕೊಳ್ಳಬೇಕು. ಮೂರು ಬೆರಳಲ್ಲಿ ಎಳೆಯುವ ಸೌಲಭ್ಯವೂ ಇದೆ. ಆದರೆ ಅದು ಟ್ರ್ಯಾಕ್‌ಪ್ಯಾಡ್ ಪುಟದಲ್ಲಿ ಸಿಗಲ್ಲ, ಆಕ್ಸೆಸಿಬಿಲಿಟಿಯಲ್ಲಿ ಪಾಯಿಂಟರ್ ಕಂಟ್ರೋಲ್ ಒಳಗೆ ಹುಡುಕಬೇಕು. ಅದು ಗೊತ್ತಾದ ಮೇಲೆ ನನ್ನ ಹೆಬ್ಬೆರಳಿನ ನೋವು ಅರ್ಧ ಹೋಯಿತು.

ಈಗ ರಗಳೆಗೆ ಬರೋಣ. ಮ್ಯಾಕ್‌ಓಎಸ್‌ನ ಕ್ಯಾಟಲಿನಾ ಆವೃತ್ತಿಯಿಂದ ಮಾಂಟೆರೆ ಆವೃತ್ತಿಗೆ ಹೋದೆ. 2014ರ ಮಿನಿಗೆ ಅದೇ ಕೊನೆಯ ಮೆಟ್ಟಿಲು, ಅದರ ಮುಂದಿನ ವೆಂಚುರಾ ಇದಕ್ಕೆ ಬರಲ್ಲ. ಹೋಗುವ ಮುಂಚೆ ಬುದ್ಧಿವಂತನ ಹಾಗೆ ಪೋರ್ಟಬಲ್ ಹಾರ್ಡ್ ಡಿಸ್ಕ್ ಸಿಕ್ಕಿಸಿ ಪೂರ್ತಿ ಬ್ಯಾಕಪ್ ತೆಗೆದೆ. ಅಪ್‌ಗ್ರೇಡ್ ರಾತ್ರಿ ಮುಗಿಯಿತು. ಬೆಳಗ್ಗೆ ಕೂತರೆ ಕರ್ಸರ್ ಕುಂಟುತ್ತಿದೆ. ನಿಲ್ಲುತ್ತೆ, ನೆಗೆಯುತ್ತೆ, ಸ್ಕ್ರೋಲ್ ಮಾಡಿದರೆ ಅರ್ಧ ಸೆಕೆಂಡ್ ತಡವಾಗಿ ಪುಟ ದಡದಡ ಓಡುತ್ತೆ. ನಿನ್ನೆ ಚೆನ್ನಾಗಿತ್ತು, ಇವತ್ತು ಇಲ್ಲ, ನಡುವೆ ಆದದ್ದು ಅಪ್‌ಗ್ರೇಡ್ ಒಂದೇ. ಇನ್ನೇನು ಅನುಮಾನ, ಅಲ್ವಾ?

ಮೊದಲನೇ ದಿನ ಸುಮ್ನೆ ಕಾದೆ. ದೊಡ್ಡ ಅಪ್‌ಗ್ರೇಡ್ ಆದ ಮೇಲೆ ಒಳಗೆ ಸ್ಪಾಟ್‌ಲೈಟ್ ಅನ್ನುವ ಹುಡುಕಾಟದ ಸೌಲಭ್ಯ ಫೈಲ್‌ಗಳ ಪಟ್ಟಿಯನ್ನು ಹೊಸದಾಗಿ ಕಟ್ಟುತ್ತಿರುತ್ತದೆ, ಆಗ ಎಲ್ಲವೂ ಸ್ವಲ್ಪ ನಿಧಾನ. ಅದು ನಿಜ. ಆದರೆ ಸಂಜೆ ಹೊತ್ತಿಗೆ ಮಿನಿ ತಣ್ಣಗಾಗಿತ್ತು, ಕೀಬೋರ್ಡ್‌ನಲ್ಲಿ ಟೈಪ್ ಮಾಡಿದ್ದು ಪಟಪಟ ಬರುತ್ತಿತ್ತು, ಕರ್ಸರ್ ಮಾತ್ರ ಕುಂಟುತ್ತಲೇ ಇತ್ತು. ನನ್ನ ಕೀಬೋರ್ಡ್ ವೈರಿನದು. ಆಗಲೇ ಹೊಳೆಯಬೇಕಿತ್ತು, ತೊಂದರೆ ಇರುವುದು ಗಾಳಿಯಲ್ಲಿ ಅಂತ.

ಹೊಳೆಯಲಿಲ್ಲ. ಸೆಲ್ ಮೇಲೆ ಅನುಮಾನ ಬಂತು. ಒಂದು ರೂಪಾಯಿ ನಾಣ್ಯದಲ್ಲಿ ಕೊಳವೆಯ ಮುಚ್ಚಳ ತಿರುಗಿಸಿ, ಒಳಗಿದ್ದ ರೀಚಾರ್ಜ್ ಸೆಲ್ ತೆಗೆದು, ಹಾಲ್‌ನ ಗಡಿಯಾರದಿಂದ ಒಂದು, ದೇವರ ಮನೆಯ ಗಡಿಯಾರದಿಂದ ಒಂದು ಕಿತ್ತು ಹಾಕಿದೆ. ರೀಚಾರ್ಜ್ ಸೆಲ್ 1.2 ವೋಲ್ಟ್, ಮಾಮೂಲಿಯದು 1.5. ರೀಚಾರ್ಜ್ ಸೆಲ್ ಕೊನೆಯವರೆಗೂ ಚೆನ್ನಾಗಿರುವ ಹಾಗೆ ನಟಿಸಿ ದಿಢೀರ್ ಅಂತ ಕೈಕೊಡುತ್ತೆ, ಆದ್ದರಿಂದ ಈ ಪರೀಕ್ಷೆ ಮಾಡುವುದು ಒಳ್ಳೆಯದೇ. ಏನೂ ವ್ಯತ್ಯಾಸ ಆಗಲಿಲ್ಲ. ಮನೆಯಲ್ಲಿ ಎಲ್ಲರಿಗೂ ಟೈಮ್ ತಪ್ಪಿತು ಅಷ್ಟೇ.

ಆಮೇಲೆ ಇಂಟರ್ನೆಟ್ ಸಲಹೆ. ಶಿಫ್ಟ್ ಮತ್ತು ಆಪ್ಷನ್ ಒತ್ತಿಕೊಂಡು ಮೇಲಿನ ಬ್ಲೂಟೂತ್ ಗುರುತಿನ ಮೇಲೆ ಕ್ಲಿಕ್ ಮಾಡಿ, ರೀಸೆಟ್ ಸಿಗುತ್ತೆ ಅಂತ ಬಹಳ ಜನ ಬರೆದಿದ್ದಾರೆ. ಹಳೆಯ ಆವೃತ್ತಿಗಳಲ್ಲಿ ಸಿಗುತ್ತಿತ್ತು, ಮಾಂಟೆರೆಯಲ್ಲಿ ಅದನ್ನು ತೆಗೆದಿದ್ದಾರೆ. ಇದು ತಿಳಿಯದೆ ಕುಂಟುವ ಕರ್ಸರ್‌ನಲ್ಲಿ ಅರ್ಧ ಗಂಟೆ ಆ ಪುಟಾಣಿ ಗುರುತಿನ ಮೇಲೆ ಗುರಿಯಿಟ್ಟು ಹೊಡೆದೆ.

ಮುಂದೆ ಮಾಡಿದ್ದು ಶುದ್ಧ ದಡ್ಡತನ. ಬ್ಲೂಟೂತ್ ಪಟ್ಟಿಯಿಂದ ಟ್ರ್ಯಾಕ್‌ಪ್ಯಾಡನ್ನೇ ತೆಗೆದುಹಾಕಿದೆ, ಮತ್ತೆ ಜೋಡಿಸಿದರಾಯಿತು ಅಂತ. ತೆಗೆದ ಕ್ಷಣದಲ್ಲೇ ಕರ್ಸರ್ ಸತ್ತಿತು. ಮನೆಯಲ್ಲಿ ಬೇರೆ ಮೌಸ್ ಇಲ್ಲ. ಕೂತ ಕೊಂಬೆ ಕಡಿದವನ ಹಾಗೆ ಕೂತಿದ್ದೆ. ದಯವಿಟ್ಟು ಒಂದು ವೈರ್ ಮೌಸ್ ಕೈಯಲ್ಲಿ ಇಟ್ಟುಕೊಳ್ಳದೆ ಈ ಕೆಲಸಕ್ಕೆ ಇಳಿಯಬೇಡಿ.

ಪಕ್ಕದ ಮನೆಯ ಪಿಯುಸಿ ಹುಡುಗಿ ತನ್ನ ಮೌಸ್ ತಂದು ಕೊಟ್ಟಳು. ಮಿನಿಯ ಹಿಂದೆ ನಾಲ್ಕೂ ಯುಎಸ್‌ಬಿ ತುಂಬಿದ್ದವು: ಕೀಬೋರ್ಡ್, ಪ್ರಿಂಟರ್, ಸ್ಕ್ಯಾನರ್, ಹಾರ್ಡ್ ಡಿಸ್ಕ್. ಅವಳು ಕೈಗೆ ಸಿಕ್ಕಿದ ಪಿನ್ ಎಳೆದು ಮೌಸ್ ಸಿಕ್ಕಿಸಿದಳು. ಡಿಸ್ಕನ್ನು ಸರಿಯಾಗಿ ಹೊರತೆಗೆದಿಲ್ಲ ಅಂತ ಪರದೆಯ ಮೂಲೆಯಲ್ಲಿ ಎಚ್ಚರಿಕೆ ಬಂತು. "ಅಂಕಲ್, ಏನೋ ಕಿತ್ತುಬಿಟ್ಟೆ" ಅಂದಳು. ಬ್ಯಾಕಪ್ ಮುಗಿದಿತ್ತಲ್ಲ, ಬಿಡಮ್ಮ ಅಂದೆ.

ಟ್ರ್ಯಾಕ್‌ಪ್ಯಾಡ್‌ನ ತುದಿಯ ಗುಂಡಿ ಒತ್ತಿ ಹಿಡಿದೆ. ಹಸಿರು ದೀಪ ಮಿಣುಕಿತು, ಪಟ್ಟಿಯಲ್ಲಿ ಹೆಸರು ಬಂತು, ಜೋಡಿಸಿದೆ. ಬೆಣ್ಣೆಯ ಹಾಗೆ ಓಡಿತು! ಒಂದು ಗಂಟೆ ಕೆಲಸ ಮಾಡಿದೆ, ಒಂದು ನೆಗೆತವೂ ಇಲ್ಲ. ಮತ್ತೆ ಜೋಡಿಸಿದ್ದೇ ಔಷಧಿ ಅಂದುಕೊಂಡು ಮೌಸ್ ವಾಪಸ್ ಕೊಟ್ಟು, ಹಾರ್ಡ್ ಡಿಸ್ಕ್ ಸಿಕ್ಕಿಸಿ, ಮೊದಲಿನ ಹಾಗೆ ಮಿನಿಯ ತಲೆ ಮೇಲೆ ಇಟ್ಟೆ. ವರ ಮತ್ತೆ ಸೊಂಡಿಲ ಮೇಲೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುತ್ತಿದ್ದೆ ಎರಡು ದಿನದಿಂದ. ಬ್ಲೂಟೂತ್ ಓಡುವುದು 2.4 ಗಿಗಾಹರ್ಟ್ಸ್‌ನಲ್ಲಿ. ಯುಎಸ್‌ಬಿ 3ರ ಡಿಸ್ಕ್ ಸೆಕೆಂಡಿಗೆ 5 ಗಿಗಾಬಿಟ್ ವೇಗದಲ್ಲಿ ಮಾತಾಡುವಾಗ ಅದರ ಕೇಬಲ್, ಕನೆಕ್ಟರ್‌ಗಳಿಂದ ಅದೇ 2.4ರ ಆಸುಪಾಸಿನಲ್ಲಿ ರೇಡಿಯೋ ಗದ್ದಲ ಸೋರುತ್ತದೆ. ಇಂಟೆಲ್ ಕಂಪನಿಯೇ 2012ರಲ್ಲಿ ಇದರ ಬಗ್ಗೆ ವಿವರವಾಗಿ ಬರೆದು ಪ್ರಕಟಿಸಿದೆ. ಜಾತ್ರೆಯಲ್ಲಿ ತಮಟೆಯ ಪಕ್ಕ ನಿಂತು ಫೋನಿನಲ್ಲಿ ಮಾತಾಡಿದ ಹಾಗೆ. ಟ್ರ್ಯಾಕ್‌ಪ್ಯಾಡ್ ಹೇಳುತ್ತಲೇ ಇರುತ್ತೆ, ಮಿನಿಗೆ ಅರ್ಧಂಬರ್ಧ ಕೇಳಿಸುತ್ತೆ. ಅಪ್‌ಗ್ರೇಡಿಗಾಗಿ ಸಿಕ್ಕಿಸಿದ ಡಿಸ್ಕನ್ನು ನಾನು ತೆಗೆದೇ ಇರಲಿಲ್ಲ. ಬದಲಾಗಿದ್ದು ಒಂದಲ್ಲ, ಎರಡು.

ಖಾತ್ರಿ ಮಾಡಿಕೊಳ್ಳಲು ಒಂದು ಪರೀಕ್ಷೆ ಮಾಡಿದೆ, ಇದನ್ನು ನೀವೂ ಮಾಡಬಹುದು. ಇಂಥ ಡಿಸ್ಕ್‌ನ ಅಗಲವಾದ ಬಾಯಿ ನೋಡಿದ್ದೀರಲ್ಲ, ಒಂದು ಉದ್ದ ಭಾಗ, ಪಕ್ಕದಲ್ಲಿ ಒಂದು ಚಿಕ್ಕ ಭಾಗ? ಆ ಉದ್ದ ಭಾಗದಲ್ಲಿ ಹಳೆಯ ಫೋನಿನ ಮೈಕ್ರೋ ಯುಎಸ್‌ಬಿ ಕೇಬಲ್ ಸರಿಯಾಗಿ ಕೂರುತ್ತೆ. ಆಗ ಡಿಸ್ಕ್ ಯುಎಸ್‌ಬಿ 2ರ ವೇಗದಲ್ಲಿ, ಅಂದರೆ 480 ಮೆಗಾಬಿಟ್‌ನಲ್ಲಿ ಓಡುತ್ತೆ. ಹಾಗೆ ಸಿಕ್ಕಿಸಿದೆ. ಫೈಲ್ ಕಾಪಿ ಆಮೆಯಾಯಿತು, ಕರ್ಸರ್ ಸರಿಯಾಯಿತು. ಅದೇ ಡಿಸ್ಕ್, ಅದೇ ಜಾಗ, ಕೇಬಲ್ ಮಾತ್ರ ಬೇರೆ.

ಈಗ ಒಂದು ಮೀಟರ್‌ನ ದಪ್ಪ ಕೇಬಲ್ ತಂದು ಡಿಸ್ಕನ್ನು ಮೇಜಿನ ಆ ತುದಿಗೆ, ಪ್ರಿಂಟರ್ ಹಿಂದೆ ಕಳಿಸಿದ್ದೇನೆ. ಬ್ಯಾಕಪ್ ಓಡುವಾಗ ಅಪರೂಪಕ್ಕೆ ಒಂದು ಸಣ್ಣ ತಡೆ ಬರುತ್ತೆ, ಅಷ್ಟು ಸಹಿಸಬಹುದು.

ಟ್ರ್ಯಾಕ್‌ಪ್ಯಾಡ್‌ಗೆ ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಅಂಕ ಕಡಿಮೆ ಆ ಪಾದದ ಗುಂಡಿಗೆ, ಪ್ಯಾಡ್‌ನ ಮೇಲಂಚಿನಲ್ಲಿ ಒತ್ತಿದರೆ ಕ್ಲಿಕ್ ಸುಲಭಕ್ಕೆ ಬರಲ್ಲ. ದುಡ್ಡಿದ್ದರೆ 2015ರ ಎರಡನೇ ಮಾದರಿ ನೋಡಿ. ಅದು ಸುಮಾರು ಶೇ. 30ರಷ್ಟು ದೊಡ್ಡದು, ಬ್ಯಾಟರಿ ಒಳಗೇ ಇದೆ, ಎಲ್ಲಿ ಒತ್ತಿದರೂ ಕ್ಲಿಕ್, ಕೇಬಲ್ ಸಿಕ್ಕಿಸಿದರೆ ತಾನೇ ಜೋಡಿಯಾಗುತ್ತೆ. 2024ರಿಂದ ಯುಎಸ್‌ಬಿ-ಸಿ ಇರುವುದೂ ಬಂದಿದೆ. ಸೆಕೆಂಡ್ ಹ್ಯಾಂಡ್‌ನಲ್ಲಿ ನನ್ನ ಥರದ ಹಳೆಯದನ್ನೇ ತಗೊಳ್ಳುವುದಾದರೆ ಜೇಬಿನಲ್ಲಿ ಒಂದು ನಾಣ್ಯ, ಎರಡು ಹೊಸ ಸೆಲ್ ಇಟ್ಟುಕೊಂಡು ಹೋಗಿ. ಅಂಗಡಿಯಲ್ಲೇ ಕೊಳವೆಯ ಮುಚ್ಚಳ ತೆಗೆಸಿ, ಸೆಲ್ ಸೋರಿದ ಬಿಳಿ ಪುಡಿ ಒಳಗೆ ಕಂಡರೆ ಎಷ್ಟು ಕಡಿಮೆಗೆ ಕೊಟ್ಟರೂ ಬೇಡ ಅನ್ನಿ.