ಯುರೆಥೇನ್ ಅಂತ ಹೇಳಿ ಸಿಲಿಕೋನ್ ಟೈರ್ ಕೊಟ್ಟರು: ಸ್ಲಾಟ್ ಕಾರ್ ಓಡಿಸುವವರು ಹುಷಾರು

ಜರ್ಮನಿಯಲ್ಲಿರುವ ನಮ್ಮವರು ಕೆಲವರು ಸ್ಲಾಟ್ ಕಾರ್ (ಟ್ರ್ಯಾಕಿನ ಸೀಳಿನಲ್ಲಿ ಸಿಕ್ಕಿಸಿ ಕರೆಂಟಿನಲ್ಲಿ ಓಡಿಸುವ ಪುಟ್ಟ ರೇಸ್ ಕಾರು) ಹುಚ್ಚು ಹಿಡಿಸಿಕೊಂಡಿದ್ದೀರಿ ಅಂತ ಗೊತ್ತು, ಅದಕ್ಕೇ ಬರೆಯುತ್ತಿದ್ದೇನೆ. ಸೆಕೆಂಡ್ ಹ್ಯಾಂಡ್ ಸೈಟುಗಳಲ್ಲಿ ಟೈರ್ ಕೊಳ್ಳಬೇಡಿ. ಕೊಂಡರೂ ಪರೀಕ್ಷೆ ಮಾಡದೆ ಕ್ಲಬ್ ಟ್ರ್ಯಾಕಿಗೆ ಇಳಿಸಬೇಡಿ. ನಾನು ಇಳಿಸಿದೆ. ಹದಿನಾಲ್ಕು ಜನರ ಸಂಜೆ ಹಾಳಾಯಿತು.

ನಾನಿರುವುದು ಸ್ಟುಟ್‌ಗಾರ್ಟ್ ಹತ್ತಿರ. ಗುರುವಾರ ಕ್ಲಬ್ಬು. ಕರೇರಾ ಕಂಪನಿಯ ಪ್ಲಾಸ್ಟಿಕ್ ಟ್ರ್ಯಾಕು, ನಿಜವಾದ ಕಾರಿನ 1/32 ಅಳತೆಯ ಕಾರುಗಳು, ಕಾರನ್ನು ಟ್ರ್ಯಾಕಿಗೆ ಎಳೆದು ಹಿಡಿಯುವ ಮ್ಯಾಗ್ನೆಟ್ ತೆಗೆದು ಓಡಿಸುತ್ತೇವೆ. ಮ್ಯಾಗ್ನೆಟ್ ಇಲ್ಲ ಅಂದಮೇಲೆ ತಿರುವಿನಲ್ಲಿ ಕಾರನ್ನು ಹಿಡಿಯುವುದು ಮುಖ್ಯವಾಗಿ ಹಿಂದಿನ ಎರಡು ಟೈರ್. ಇಲ್ಲಿ ಯುರೆಥೇನ್ (ರಬ್ಬರಿನಂಥ ಒಂದು ಪ್ಲಾಸ್ಟಿಕ್) ಟೈರ್ ಹಾಕುವವರೇ ಜಾಸ್ತಿ. ನಮ್ಮ ಕ್ಲಬ್ಬಿನಲ್ಲಿ ಸಿಲಿಕೋನ್ ಪೂರ್ತಿ ನಿಷೇಧ. ಅದು ಓಡಿದ ಜಾಗದಲ್ಲಿ ಬೇರೆಯವರ ಟೈರ್ ಹಿಡಿತ ಕಳೆದುಕೊಳ್ಳುತ್ತದೆ.

ಜಾಹೀರಾತಿನಲ್ಲಿ ಇದ್ದದ್ದು: ಯುರೆಥೇನ್, ಹೊಸದು, ನಾಲ್ಕು ಜೊತೆ, 30 ಯುರೋ. ಎರಡು ಸಲ ಕೇಳಿದೆ, "ಸಿಲಿಕೋನ್ ಅಲ್ಲ ತಾನೇ?" ಅಂತ. "ಯುರೆಥೇನ್. ನಾನೇ ಓಡಿಸಿ ನೋಡಿದ್ದೇನೆ" ಅಂತ ಬರೆದರು. ಆ ಮೆಸೇಜ್ ಇವತ್ತಿಗೂ ನನ್ನ ಫೋನಿನಲ್ಲಿದೆ.

ಮನೆಯಲ್ಲಿ ಸ್ಯಾಂಡ್‌ಪೇಪರ್ ಮೇಲೆ ಉಜ್ಜಿ ಸಮ ಮಾಡುವಾಗಲೇ ಅನುಮಾನ ಬರಬೇಕಿತ್ತು. ಪುಡಿ ಉದುರುವ ಬದಲು ಟೈರ್ ಜಾರುತ್ತಿತ್ತು, ಸವೆಯುತ್ತಲೇ ಇರಲಿಲ್ಲ. ಗಟ್ಟಿ ಮಾಲು ಅಂದುಕೊಂಡೆ.

ಮೊದಲ ಹೀಟ್, ಅಂದರೆ ರೇಸಿನ ಮೊದಲ ಸರದಿ, ಚೆನ್ನಾಗಿಯೇ ಹೋಯಿತು. ಎಲ್ಲರೂ ಲೇನ್ ಬದಲಿಸಿಕೊಂಡೆವು. ನಾನು ಬಿಟ್ಟ ಲೇನಿಗೆ ಬಂದವರ ಕಾರು ಎರಡನೇ ತಿರುವಿನಲ್ಲೇ ಹಾರಿತು. ಮತ್ತೆ ಇಟ್ಟರು, ಮತ್ತೆ ಹಾರಿತು. ಮುಂದಿನ ಹೀಟಿನಲ್ಲಿ ಇನ್ನೊಬ್ಬರದ್ದು. ನಾನು ಓಡಿಸಿದ ಲೇನುಗಳಲ್ಲೇ!

ಹಿರಿಯ ಸದಸ್ಯರೊಬ್ಬರು ನನ್ನ ಕಾರು ಎತ್ತಿ, ಮಗುಚಿ, ಟೈರನ್ನು ಉಗುರಿನಿಂದ ಒತ್ತಿ ನೋಡಿದರು. "ಇದು ಸಿಲಿಕೋನ್" ಅಂದರು. ನಾನು ವಾದ ಮಾಡಿದೆ. ಫೋನ್ ತೆಗೆದು ಮೆಸೇಜ್ ತೋರಿಸಿದೆ. ಅವರು ಏನೂ ಹೇಳಲಿಲ್ಲ. ಟೈರ್ ಮೇಲೆ ಒಂದು ತೊಟ್ಟು ಸೂಪರ್ ಗ್ಲೂ ಬಿಟ್ಟು ಹಲ್ಲುಕಡ್ಡಿ ಇಟ್ಟರು. ಪಕ್ಕದಲ್ಲೇ ಒಂದು ಹಳೇ ಯುರೆಥೇನ್ ಟೈರಿಗೂ ಹಾಗೇ ಮಾಡಿದರು. ಸ್ವಲ್ಪ ಹೊತ್ತು ಬಿಟ್ಟು ಎಳೆದರು. ಹಳೇ ಟೈರಿನ ಕಡ್ಡಿ ಕಚ್ಚಿಕೊಂಡಿತ್ತು. ನನ್ನದರಿಂದ ಕಡ್ಡಿ, ಗ್ಲೂ ಎರಡೂ ಒಣಗಿದ ಹೊಪ್ಪಳೆಯಂತೆ ಎದ್ದು ಬಂತು. ಟೈರ್ ಮೇಲೆ ಒಂದು ಗುರುತೂ ಇಲ್ಲ. ಎಲ್ಲರೂ ಸುತ್ತ ನಿಂತಿದ್ದರು. ಬೈದಿದ್ದರೆ ಸಹಿಸುತ್ತಿದ್ದೆ. ಯಾರೂ ಮಾತಾಡಲೇ ಇಲ್ಲ. ಬಟ್ಟೆಗೆ ಲೈಟರ್ ಪೆಟ್ರೋಲ್ ಹಾಕಿಕೊಂಡು ಟ್ರ್ಯಾಕ್ ಒರೆಸಲು ಶುರುಮಾಡಿದರು. ರೇಸ್ ಅಲ್ಲಿಗೇ ನಿಂತಿತು.

ರಾತ್ರಿಯೇ ಮಾರಿದವರಿಗೆ ಬರೆದೆ. ಮೊದಲ ಉತ್ತರ: "ನಿಮ್ಮ ಟ್ರ್ಯಾಕ್ ಕೊಳಕಾಗಿರಬೇಕು." ಸೂಪರ್ ಗ್ಲೂ ವಿಷಯ ಹೇಳಿದೆ. ಆಮೇಲೆ: "ಅಮೆರಿಕದಿಂದ ತರಿಸಿದ್ದು, ಅಲ್ಲಿ ಎಲ್ಲರೂ ಇದನ್ನೇ ಹಾಕುತ್ತಾರೆ."

ಇದಕ್ಕೇ ನನಗೆ ಮೈ ಉರಿದದ್ದು. ಅಮೆರಿಕದಲ್ಲಿ ಮನೆಯಲ್ಲೇ ಟ್ರ್ಯಾಕ್ ಹಾಕಿಕೊಂಡವರು ಬೇಕಾದಷ್ಟು ಜನ ಸಿಲಿಕೋನ್ ಓಡಿಸುತ್ತಾರೆ, ಸರಿ. ಅಲ್ಲಿ ಟ್ರ್ಯಾಕ್ ಅವರದ್ದು, ಎಲ್ಲ ಕಾರಿಗೂ ಅದೇ ಟೈರ್, ಧೂಳು ಒರೆಸಿಕೊಂಡರೆ ಒಳ್ಳೇ ಹಿಡಿತ. ಇಟಲಿಯ ಸ್ಲಾಟ್.ಇಟ್, ಎನ್‌ಎಸ್‌ಆರ್ ಕಂಪನಿಗಳ ಕಾರುಗಳು ರಬ್ಬರ್ ಟೈರ್ ಹಾಕಿಕೊಂಡೇ ಬರುತ್ತವೆ. ಯಾವುದೂ ಕೆಟ್ಟದ್ದಲ್ಲ. ಕಷ್ಟ ಬರುವುದು ಒಂದೇ ಟ್ರ್ಯಾಕಿನಲ್ಲಿ ಬೆರೆಸಿದಾಗ. ನಾನು ಕೇಳಿದ್ದು ಅಮೆರಿಕದಲ್ಲಿ ಏನು ಹಾಕುತ್ತಾರೆ ಅಂತಲ್ಲ. ಇದು ಸಿಲಿಕೋನಾ ಅಂತ ಕೇಳಿದ್ದೆ. ಎರಡು ಸಲ ಕೇಳಿದ್ದೆ.

ಕೊನೆಯ ಉತ್ತರ: "ಖಾಸಗಿ ಮಾರಾಟ, ವಾಪಸ್ ಇಲ್ಲ." ಆಮೇಲೆ ಬ್ಲಾಕ್.

ಟೈರಿನ ಒಳಬದಿಗೆ ಒಂದು ತೊಟ್ಟು ಸೂಪರ್ ಗ್ಲೂ ಹಾಕಿ ನೋಡಿ, ಅಷ್ಟು ಮಾಡಿದರೂ ಸಾಕು. ಕಚ್ಚದಿದ್ದರೆ ಕ್ಲಬ್ಬಿಗೆ ತರಬೇಡಿ. ಬಿಡಿ ಟೈರ್ ಮಾರುವವರು ಏನು ಬರೆದುಕೊಟ್ಟರೂ ನಂಬಬೇಡಿ. ಕ್ಲಬ್ಬಿನವರು ಯಾರ ಹತ್ತಿರ ಕೊಳ್ಳುತ್ತಾರೋ ಅಲ್ಲೇ ಕೊಳ್ಳಿ, ನಾಲ್ಕು ಯುರೋ ಜಾಸ್ತಿ ಆದರೂ ಸರಿ.

ಮುಂದಿನ ಗುರುವಾರ ಒಂದು ಗಂಟೆ ಮುಂಚೆ ಹೋಗಿ ಟ್ರ್ಯಾಕ್ ಇನ್ನೊಮ್ಮೆ ಒರೆಸಿಕೊಡುತ್ತೇನೆ ಅಂತ ಹೇಳಿದ್ದೇನೆ. ಇವತ್ತು ಬೆಳಿಗ್ಗೆ ಹೆಂಡತಿಯ ಫೋನಿನಿಂದ ನೋಡಿದೆ. ಜಾಹೀರಾತು ಇನ್ನೂ ಇದೆ. ಯುರೆಥೇನ್, ಹೊಸದು ಅಂತಲೇ ಇದೆ.