ನೇಮಕ್ಕೊಂದು, ಕಛೇರಿಗೊಂದು: ಆಲ್ಟೊ ಸ್ಯಾಕ್ಸೊಫೋನಿನ ರೀಡ್ ಆರಿಸುವಾಗ

ಅಂಗಡಿಯಲ್ಲಿ ನಿಂತು ‘ಎರಡೂವರೆ ನಂಬರಿನ ರೀಡ್ ಕೊಡಿ’ ಅಂದರೆ ಅದು ಅರ್ಧ ಮಾತು. ರೀಡ್ ಅಂದರೆ ಸ್ಯಾಕ್ಸೊಫೋನಿನ ಊದುವ ತುದಿಗೆ, ಅಂದರೆ ಮೌತ್‌ಪೀಸಿಗೆ, ಕಟ್ಟುವ ಜೊಂಡಿನ ತೆಳು ಪಟ್ಟಿ; ಊದಿದಾಗ ಕಂಪಿಸಿ ದನಿ ಹೊರಡಿಸುವುದು ಅದೇ. ಯಾವ ಕಂಪನಿಯ ಎರಡೂವರೆ? ಮೌತ್‌ಪೀಸ್ ಯಾವುದು? ಊದುವುದೆಲ್ಲಿ, ಎಸಿ ಹಾಲಿನ ಮದುವೆಯಲ್ಲೋ, ಬೆಳಗಿನ ತನಕ ನಡೆಯುವ ಭೂತಾರಾಧನೆಯ ನೇಮದಲ್ಲೋ? ಇಷ್ಟು ಗೊತ್ತಿಲ್ಲದೆ ತಂದ ಪೆಟ್ಟಿಗೆಯಲ್ಲಿ ಅರ್ಧಕ್ಕರ್ಧ ಮೂಲೆ ಸೇರುತ್ತದೆ.

ಕದ್ರಿ ಗೋಪಾಲನಾಥರು ಈ ವಾದ್ಯವನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದ ಮೇಲೆ ಮಂಗಳೂರು, ಉಡುಪಿಯ ಕಡೆ ಮದುವೆ, ಉತ್ಸವ, ಕೋಲ ಎಲ್ಲದರಲ್ಲೂ ಸ್ಯಾಕ್ಸೊಫೋನ್ ಬಂದು ಕೂತಿದೆ. ಆದರೆ ರೀಡ್ ಕಂಪನಿಗಳ ವಿವರಣೆಯೆಲ್ಲ ಜಾಝ್ ಊದುವವರಿಗೆ, ಪಾಶ್ಚಾತ್ಯ ಶಾಸ್ತ್ರೀಯದವರಿಗೆ ಬರೆದದ್ದು. ತುಟಿಯಲ್ಲೇ ಗಾಂಧಾರವನ್ನು ಜಾರಿಸುವವನಿಗೆ ಯಾವುದು ಹಿತ ಎಂದು ಯಾವ ಪೆಟ್ಟಿಗೆಯ ಮೇಲೂ ಬರೆದಿಲ್ಲ.

ನಂಬರ್ ಹೇಳುವುದು ರೀಡಿನ ದಪ್ಪವನ್ನಲ್ಲ, ಬಿಗಿಯನ್ನು. ಒಂದೇ ಮಾಡೆಲಿನ ಎರಡು, ಮೂರು ನಂಬರುಗಳನ್ನು ಒಂದೇ ಅಳತೆಗೆ ಕೆತ್ತಿ, ಆಮೇಲೆ ಎಷ್ಟು ಬಾಗುತ್ತದೆ ಎಂದು ನೋಡಿ ವಿಂಗಡಿಸುತ್ತಾರೆ. ಕಂಪನಿಯಿಂದ ಕಂಪನಿಗೆ ಈ ಲೆಕ್ಕ ಬೇರೆ. ವ್ಯಾಂಡೊರೆನ್ ನೀಲಿ ಪೆಟ್ಟಿಗೆಯ ಎರಡೂವರೆ ರಿಕೊ ಕಿತ್ತಳೆ ಪೆಟ್ಟಿಗೆಯ ಎರಡೂವರೆಗಿಂತ ಸ್ಪಷ್ಟವಾಗಿ ಬಿಗಿ. ರಿಕೊದಿಂದ ವ್ಯಾಂಡೊರೆನ್‌ಗೆ ಬದಲಾಯಿಸುವವರು ಅರ್ಧ ನಂಬರ್ ಇಳಿಸಿಯೇ ಶುರು ಮಾಡಬೇಕು.

ಮೌತ್‌ಪೀಸಿನ ತುದಿ ಎಷ್ಟು ತೆರೆದಿದೆ ಎಂಬುದು ಇನ್ನೂ ಮುಖ್ಯ. ಯಮಹಾ 4ಸಿ ತೆರವು 1.60 ಮಿ.ಮೀ., ಸೆಲ್ಮರ್ ಎಸ್80 ಸಿ-ಸ್ಟಾರ್‌ನದ್ದು 1.70, ಮೆಯರ್ 6ರದ್ದು ಸುಮಾರು 1.9. ತೆರವು ಹೆಚ್ಚಾದಷ್ಟೂ ರೀಡ್ ಹೆಚ್ಚು ದೂರ ಬಾಗಬೇಕು, ಆದ್ದರಿಂದ ಮೆದು ಬೇಕು. 4ಸಿಗೆ ಚೆನ್ನಾಗಿ ಕೂತ ಮೂರನ್ನು ಮೆಯರ್‌ಗೆ ಹಾಕಿದರೆ ಗಾಳಿಯ ಸದ್ದೇ ಜಾಸ್ತಿ, ಮಂದ್ರದ ಸ್ವರಗಳು ಏಳುವುದೇ ಇಲ್ಲ, ಅರ್ಧ ಗಂಟೆಗೆ ಕೆಳತುಟಿ ಸೋಲುತ್ತದೆ. ತೀರಾ ಮೆದುವಾದರೆ ಇದರ ಉಲ್ಟಾ: ದನಿ ಝೇಂಕರಿಸುತ್ತದೆ, ತಾರಸ್ಥಾಯಿ ಶ್ರುತಿಯಿಂದ ಇಳಿಯುತ್ತದೆ, ಜೋರಾಗಿ ಊದಿದ ಕೂಡಲೇ ರೀಡ್ ಮೌತ್‌ಪೀಸಿಗೆ ಅಂಟಿ ಬಾಯಿ ಕಟ್ಟಿದಂತೆ ನಿಲ್ಲುತ್ತದೆ.

ಈಗ ಒಂದೊಂದಾಗಿ. ಕಿತ್ತಳೆ ಪೆಟ್ಟಿಗೆಯ ರಿಕೊ ಕಲಿಯುವವರಿಗೆ ಸಾಕು. ಬೇಗ ಮಾತಾಡುತ್ತದೆ, ಬೇಗ ಸೋಲುತ್ತದೆ. ಅದೇ ಮನೆಯ ರಾಯಲ್‌ನಲ್ಲಿ ಕೆತ್ತಿದ ಭಾಗದ ಹಿಂದೆ ಸಿಪ್ಪೆಯ ಒಂದು ಪಟ್ಟಿಯನ್ನು ನೇರವಾಗಿ ತೆಗೆದಿರುತ್ತಾರೆ. ಸ್ವರ ಹಿಡಿಯುವುದು ಚುರುಕಾಗುತ್ತದೆ, ಮೆಲುದನಿಯೂ ಒಡೆಯುವುದಿಲ್ಲ. ವ್ಯಾಂಡೊರೆನ್ ನೀಲಿ ಪೆಟ್ಟಿಗೆಯದ್ದಕ್ಕೆ ತುದಿ ತೆಳು, ನಡುಬೆನ್ನು ಗಟ್ಟಿ. ಸ್ವರ ಖಚಿತವಾಗಿ ನಿಲ್ಲುತ್ತದೆ. ಆದರೆ ತುಟಿಯಿಂದ ಎಳೆದರೆ ಅಷ್ಟು ಸುಲಭದಲ್ಲಿ ಬಾಗದು. ತೋಡಿಯ ಗಾಂಧಾರವನ್ನೋ ಭೈರವಿಯ ನಿಷಾದವನ್ನೋ ತೂಗುವವರಿಗೆ ವ್ಯಾಂಡೊರೆನ್‌ನದೇ ಹಸಿರು ಪೆಟ್ಟಿಗೆಯ ಜಾವಾ ಎರಡೂವರೆಯೇ ಮೇಲು. ಕಛೇರಿಗೆ ಮೊದಲ ಆಯ್ಕೆ ಅದು, ಎರಡನೆಯದು ರಾಯಲ್. ನೀಲಿ ಪೆಟ್ಟಿಗೆಯ ಹೆಸರು ದೊಡ್ಡದು ಎಂಬ ಒಂದೇ ಕಾರಣಕ್ಕೆ ಅದನ್ನು ಕೊಳ್ಳಬೇಡಿ.

ಕೆನಡಾದ ಲೆಜೆರ್ ಸಿಂಥೆಟಿಕ್ ರೀಡನ್ನು ಬಿಡಿಯಾಗಿ ಮಾರುತ್ತಾರೆ; ಒಂದರ ಬೆಲೆಗೆ ಹೆಚ್ಚುಕಡಿಮೆ ಹತ್ತು ಜೊಂಡಿನ ರೀಡ್ ಬರುತ್ತವೆ. ಆದರೂ ನೇಮಕ್ಕೆ ಹೋಗುವವರ ಪೆಟ್ಟಿಗೆಯಲ್ಲಿ ಒಂದಿರಲಿ. ಅಲ್ಲಿ ನಡುನಡುವೆ ಗಂಟೆಗಟ್ಟಲೆ ಸುಮ್ಮನೆ ಕೂತು, ಭೂತದ ಕಾಲಿನ ಗಗ್ಗರದ ಸದ್ದು ಕೇಳಿದ ತಕ್ಷಣ ಎದ್ದು ಊದಬೇಕು. ಅಷ್ಟರಲ್ಲಿ ಜೊಂಡಿನ ತುದಿ ಒಣಗಿ ಅಲೆಅಲೆಯಾಗಿರುತ್ತದೆ. ಲೆಜೆರ್‌ಗೆ ಒದ್ದೆ ಮಾಡುವ ಕೆಲಸವೇ ಇಲ್ಲ. ತಾಸೆ, ಡೋಲಿನ ಎದುರು ಅದರ ಚೂಪು ದನಿ ಅನುಕೂಲವೇ. ಅದೇ ದನಿ ಪಿಟೀಲು, ಮೃದಂಗದ ಜೊತೆ ಸ್ವಲ್ಪ ಪ್ಲಾಸ್ಟಿಕ್ ಅನ್ನಿಸುತ್ತದೆ. ಕಾಲು ನಂಬರಿನ ಅಂತರದಲ್ಲೂ ಸಿಗುವುದರಿಂದ ಎರಡಕ್ಕೂ ಎರಡೂವರೆಗೂ ನಡುವಿನದ್ದು ಬೇಕಾದವರಿಗೆ ಒಳ್ಳೆಯದು.

ಬಿಡಿಯಾಗಿ ಕೊಡುವ ಅಂಗಡಿಯಾದರೆ ಬೆಳಕಿಗೆ ಹಿಡಿದು ನೋಡಿ. ನಡುವಿನ ಕಪ್ಪು ನೆರಳು ಎಡಬಲ ಸಮವಾಗಿ ತುದಿಯತ್ತ ಸಣ್ಣಗಾಗುತ್ತ ಹೋಗಬೇಕು. ಒಂದು ಬದಿಗೆ ವಾಲಿದ್ದರೆ ಅದು ಕಿರುಚುವ ರೀಡ್. ಸಿಪ್ಪೆ ಹೊಂಬಣ್ಣದ್ದಿರಲಿ, ಕಂದು ಚುಕ್ಕೆ ಇದ್ದರೆ ತೊಂದರೆಯಿಲ್ಲ. ಹಸಿರು ಛಾಯೆ ಇದ್ದರೆ ಜೊಂಡು ಸರಿಯಾಗಿ ಪಕ್ವವಾಗಿಲ್ಲ.

ಒಳ್ಳೆಯ ರೀಡ್ ಹಾಳಾಗುವುದು ಹೆಚ್ಚಾಗಿ ಕೂರಿಸುವಾಗಲೇ. ತುದಿಯ ದಪ್ಪ ಸುಮಾರು 0.1 ಮಿ.ಮೀ., ಅಂಗಿಯ ತೋಳು ತಾಗಿದರೂ ಸೀಳುತ್ತದೆ. ಮೊದಲು ರೀಡನ್ನು ಬಿಗಿಯುವ ಸ್ಕ್ರೂ ಪಟ್ಟಿಯನ್ನು, ಅಂದರೆ ಲಿಗೇಚರನ್ನು, ಮೌತ್‌ಪೀಸಿಗೆ ತೊಡಿಸಿ, ಆಮೇಲೆ ರೀಡಿನ ದಪ್ಪ ಬುಡವನ್ನು ಮೇಲಿನಿಂದ ಅದರೊಳಗೆ ಜಾರಿಸಿ. ತುದಿಯನ್ನು ಬೆರಳಲ್ಲಿ ಒತ್ತಿದಾಗ ಅದರ ಮೇಲೆ ಮೌತ್‌ಪೀಸಿನ ಕಪ್ಪು ಅಂಚು ಕೂದಲೆಳೆಯಷ್ಟು ಕಾಣಬೇಕು. ಇನ್ನೂ ಮೇಲೆ ಸರಿಸಿದರೆ ಬಿಗಿ, ಕೆಳಗೆ ಸರಿಸಿದರೆ ಮೆದು. ಕಾಲು ನಂಬರಿನಷ್ಟು ವ್ಯತ್ಯಾಸವನ್ನು ಇಲ್ಲೇ ಸರಿಮಾಡಬಹುದು. ಬುಡದ ಕಡೆಯ ಸ್ಕ್ರೂ ಬಿಗಿಯಾಗಿ, ತುದಿಯ ಕಡೆಯದ್ದು ಸಡಿಲ ಕೈಯಲ್ಲಿ. ಮೌತ್‌ಪೀಸಿನ ಬುಡವನ್ನು ಅಂಗೈಯಿಂದ ಮುಚ್ಚಿ ಗಾಳಿ ಹೀರಿ ಬಿಡಿ: ಒಂದೆರಡು ಸೆಕೆಂಡು ಅಂಟಿಕೊಂಡಿದ್ದು ‘ಪಟ್’ ಎಂದು ಬಿಟ್ಟರೆ ಸರಿಯಾಗಿ ಕೂತಿದೆ. ತಕ್ಷಣ ಬಿಟ್ಟರೆ ಎಲ್ಲೋ ಗಾಳಿ ಸೋರುತ್ತಿದೆ. ರೀಡಿನ ಹಿಂಬದಿ ಸೊಟ್ಟಗಾಗಿದ್ದರೆ ಗಾಜಿನ ಮೇಲೆ 600 ನಂಬರಿನ ಉಪ್ಪುಕಾಗದ ಹಾಸಿ ನಾಲ್ಕು ಸಲ ಉಜ್ಜಿ, ತುದಿ ತಾಗದ ಹಾಗೆ.

ಹೊಸ ರೀಡನ್ನು ಮೊದಲ ದಿನವೇ ಮದುವೆಗೆ ಒಯ್ಯಬೇಡಿ. ಎರಡು ಮೂರು ನಿಮಿಷ ನೀರಲ್ಲಿ ನೆನೆಸಿ, ಐದು ನಿಮಿಷ ಮಧ್ಯಸ್ಥಾಯಿಯಲ್ಲಿ ಊದಿ, ಒರೆಸಿ ಇಡಿ. ಮರುದಿನ ಹತ್ತು ನಿಮಿಷ, ಹೀಗೆ ನಾಲ್ಕೈದು ದಿನ. ನಾಲ್ಕು ರೀಡ್‌ಗಳನ್ನು ಸರದಿಯಲ್ಲಿ ಬಳಸಿದರೆ ಒಂದೊಂದೂ ಹೆಚ್ಚು ಬಾಳುತ್ತದೆ.

ನಮ್ಮ ಕಡೆ ರೀಡ್‌ಗಳಿಗೆ ನಿಜವಾದ ಗಂಡಾಂತರ ಪತ್ತನಾಜೆಯ ನಂತರ. ಮೇ ಕೊನೆಗೆ ನೇಮ, ಜಾತ್ರೆಗಳು ನಿಂತು ವಾದ್ಯ ಪೆಟ್ಟಿಗೆ ಸೇರುತ್ತದೆ, ಬೆನ್ನಿಗೇ ಮಳೆ. ಮೌತ್‌ಪೀಸಿನಲ್ಲೇ ಬಿಟ್ಟ ರೀಡ್, ಒದ್ದೆಯಾಗಿಯೇ ಪ್ಲಾಸ್ಟಿಕ್ ಕವಚಕ್ಕೆ ತುರುಕಿದ ರೀಡ್ ಆಟಿ ತಿಂಗಳ (ಜುಲೈ–ಆಗಸ್ಟ್) ಹೊತ್ತಿಗೆ ಕಪ್ಪು ಬೂಸ್ಟು ಹಿಡಿದಿರುತ್ತದೆ. ಅದನ್ನು ತೊಳೆದು ಮತ್ತೆ ಬಾಯಿಗಿಡುವ ಉಳಿತಾಯ ಬೇಡ, ಎಸೆಯಿರಿ. ಉಳಿದವನ್ನು ಒರೆಸಿ, ನೆರಳಲ್ಲಿ ಒಂದು ದಿನ ಒಣಗಿಸಿ, ಗಾಜಿನ ತಳವಿರುವ ರೀಡ್ ಕೇಸಿನಲ್ಲಿ ಚಪ್ಪಟೆಯಾಗಿ ಇಡಿ. ಸಿಲಿಕಾ ಜೆಲ್ ಪೊಟ್ಟಣ ಮಳೆಗಾಲಕ್ಕೆ ಮಾತ್ರ; ದೀಪಾವಳಿ ಕಳೆದ ಮೇಲೂ ಅಲ್ಲೇ ಬಿಟ್ಟರೆ ಜೊಂಡು ಅತಿಯಾಗಿ ಒಣಗಿ ತುದಿ ಬಿರಿಯುತ್ತದೆ. ಬುಡದ ಸಿಪ್ಪೆಯ ಮೇಲೆ ಪೆನ್ನಿನಲ್ಲಿ ಮೊದಲು ಊದಿದ ತಾರೀಕು ಬರೆದಿಡಿ, ಯಾವುದು ಹಳೆಯದೆಂದು ಸೀಸನ್ ಶುರುವಾದಾಗ ಊದಿ ಊದಿ ಹುಡುಕಬೇಕಾಗಿಲ್ಲ.