ಬಿಗಿಯದ ಒಳಉಡುಪು: ರಾಯಚೂರಿನ ಬಿಸಿಲಲ್ಲಿ ನಾನು ಹಾಕಿ ನೋಡಿದವು

ನನ್ನ ತೋಳಿನ ಮೇಲೆ ಉಗುರಿನಿಂದ ಗೆರೆ ಎಳೆದರೆ ಸ್ವಲ್ಪ ಹೊತ್ತಿನಲ್ಲೇ ಅದು ಕೆಂಪಗೆ ಉಬ್ಬಿ ನಿಲ್ಲುತ್ತದೆ. ಹೆಸರು ಬರೆದರೆ ಓದಲೂಬಹುದು. ಚರ್ಮದ ಡಾಕ್ಟರು ಇದನ್ನು ಡರ್ಮಟೊಗ್ರಾಫಿಸಂ ಅನ್ನುತ್ತಾರೆ. ಅಪಾಯದ ಕಾಯಿಲೆಯಲ್ಲ, ಒಂದು ಗಂಟೆಯೊಳಗೆ ಸಾಮಾನ್ಯವಾಗಿ ತಾನಾಗಿಯೇ ಇಳಿಯುತ್ತದೆ. ಆದರೆ ಎದೆಯ ಕೆಳಗೊಂದು ಎಲಾಸ್ಟಿಕ್, ಸೊಂಟಕ್ಕೊಂದು, ತೊಡೆಸಂದಿಗೆರಡು, ಇಷ್ಟರ ಮೇಲೆ ಲಂಗದ ಲಾಡಿ. ದಿನವಿಡೀ ಹೀಗೆ ಕಟ್ಟಿಕೊಂಡು ಓಡಾಡುವವಳಿಗೆ ಅದು ಇಳಿಯುವುದಾದರೂ ಯಾವಾಗ? ಏಪ್ರಿಲ್, ಮೇನಲ್ಲಿ ರಾಯಚೂರಿನ ಬಿಸಿಲು 40 ಡಿಗ್ರಿ ದಾಟಿದರಂತೂ ಬೆವರು ಸೇರಿ ಉರಿ ಬೇರೆ.

ಕೇಳಿದವರೆಲ್ಲ ಹೇಳುವುದು ಒಂದೇ, ಪ್ಯೂರ್ ಕಾಟನ್ ಹಾಕಿ. ನಮ್ಮದು ಹತ್ತಿಯ ಊರು. ಸುಗ್ಗಿಯಲ್ಲಿ ಎಪಿಎಂಸಿ ದಾರಿಯಲ್ಲಿ ಹತ್ತಿ ತುಂಬಿದ ಗಾಡಿಗಳು ಸಾಲುಗಟ್ಟಿ ನಿಲ್ಲುತ್ತವೆ. ಕಾಟನ್ ಬೇಡ ಅನ್ನುವವಳು ನಾನಲ್ಲ. ಆದರೆ ನನ್ನ ಮೈ ಹೇಳುವುದು ಬೇರೆ. ನಿಕ್ಕರಿನ ಬಟ್ಟೆ ತಾಗುವ ಕಡೆ ನನಗೆ ಏನೂ ಆಗುವುದಿಲ್ಲ. ಆಗುವುದೆಲ್ಲ ಅದರ ಅಂಚಿನಲ್ಲಿ. ಹಾಗಾಗಿ ಈಗ ಅಂಗಡಿಯಲ್ಲಿ ಬಟ್ಟೆ ಮುಟ್ಟುವ ಮೊದಲು ಅಂಚು ಮುಟ್ಟಿ ನೋಡುತ್ತೇನೆ.

ಪ್ಯಾಕೆಟ್ ಮೇಲೆ ಔಟರ್ ಎಲಾಸ್ಟಿಕ್, ಇನ್ನರ್ ಎಲಾಸ್ಟಿಕ್ ಅಂತ ಬರೆದಿರುವುದನ್ನು ನೋಡಿರಬಹುದು. ಔಟರ್ ಅಂದರೆ ಎಲಾಸ್ಟಿಕ್ ಪಟ್ಟಿಯೇ ನೇರವಾಗಿ ಮೈಗೆ ತಾಗುತ್ತದೆ. ಇನ್ನರ್ ಅಂದರೆ ಅದನ್ನು ಬಟ್ಟೆಯೊಳಗೆ ಮಡಚಿ ಹೊಲಿದಿರುತ್ತಾರೆ. ನನ್ನ ಮಟ್ಟಿಗೆ ಅತಿ ಕೆಟ್ಟದ್ದು ಔಟರ್‌ನಲ್ಲೇ ಸಣ್ಣ ಪಟ್ಟಿಯದು, ಅದರಲ್ಲೂ ಅಂಚಿಗೆ ಲೇಸು ಹಚ್ಚಿದ್ದು. ನೋಡಲು ಚಂದ, ಅಗ್ಗವೂ ಹೌದು. ಸಂಜೆಗೆ ಸೊಂಟದ ಸುತ್ತ ಲೇಸಿನ ಹೂವೆಲ್ಲ ಮೈಮೇಲೆ ಅಚ್ಚಾಗಿರುತ್ತದೆ. ಅಗಲ ಪಟ್ಟಿಯ ಔಟರ್ ಇದಕ್ಕಿಂತ ವಾಸಿ. ಎಳೆತ ಅಷ್ಟೇ ಇದ್ದರೂ ಜಾಸ್ತಿ ಜಾಗಕ್ಕೆ ಹಂಚಿಹೋಗುತ್ತದೆ. ಆದರೆ ಹೊಟ್ಟೆ ಸ್ವಲ್ಪ ಮುಂದಿದ್ದವರು ಕುಳಿತರೆ ಆ ಪಟ್ಟಿ ಮಡಚಿಕೊಂಡು ಹಗ್ಗವಾಗುತ್ತದೆ. ದಿನವಿಡೀ ಕುರ್ಚಿಯಲ್ಲಿ ಕೂರುವ ಕೆಲಸ ನನ್ನದು, ಆ ಹಗ್ಗದ ಗುರುತು ಚೆನ್ನಾಗಿ ಗೊತ್ತು.

ಇನ್ನರ್ ಎಲಾಸ್ಟಿಕ್‌ನದು, ಹೊಕ್ಕುಳವರೆಗೆ ಬರುವ ಹೈ ವೇಸ್ಟ್, ಶೇ 95 ಕಾಟನ್, ಶೇ 5 ಸ್ಪ್ಯಾಂಡೆಕ್ಸ್ ಅನ್ನುವ ಹಿಗ್ಗುವ ನೂಲು ಸೇರಿದ ಹೊಸೈರಿ ಬಟ್ಟೆ: ಅಂಗಡಿಯಲ್ಲಿ ಸಿಗುವುದರಲ್ಲಿ ನನಗೆ ಹಿಡಿಸಿದ್ದು ಇದು. ಸಿಸೇರಿಯನ್ ಆದವರಿಗೂ ಇದನ್ನೇ ಹೇಳುತ್ತೇನೆ. ಪಟ್ಟಿ ಹೊಲಿಗೆಯ ಗುರುತಿಗಿಂತ ಮೇಲೆ ಕೂರುತ್ತದೆ. ಅಜ್ಜಿ ಚಡ್ಡಿ ಅಂತ ನಗುವವರು ನಗಲಿ.

ಸೈಜ್ ವಿಷಯ. ನಮ್ಮ ಕಡೆ ಸೈಜ್ ಹೇಳುವುದು ಅಂಗಡಿಯವನ ಕಣ್ಣು. ಪೇಟೆಯ ತೀನ್ ಕಂದೀಲ್ ಕಡೆ ಹೋದರೆ ದೂರದಿಂದಲೇ ನೋಡಿ "ನಿಮ್ಗ ತೊಂಬತ್ತು ಬರ್ತದ, ತಗೋರಿ ಅಕ್ಕಾರ" ಅನ್ನುತ್ತಾರೆ. ನಾವು ನಾಚಿಕೊಂಡು ಪ್ಯಾಕೆಟ್ ಬಿಚ್ಚದೆ ಚೀಲಕ್ಕೆ ಹಾಕಿಕೊಳ್ಳುತ್ತೇವೆ. ಆ 85, 90, 95 ಅನ್ನುವುದು ಸೆಂಟಿಮೀಟರ್ ಲೆಕ್ಕ. ಮನೆಯಲ್ಲೇ ಟೇಪ್ ಹಿಡಿದು ಅಳೆಯಿರಿ, ಅದೂ ಊಟವಾದ ಮೇಲೆ, ಕುಳಿತುಕೊಂಡು. ನಿಂತು ಅಳೆದದ್ದಕ್ಕೂ ಕುಳಿತು ಅಳೆದದ್ದಕ್ಕೂ ಒಂದು ಸೈಜ್ ವ್ಯತ್ಯಾಸ ಬಂದರೆ ದೊಡ್ಡದನ್ನೇ ತಗೊಳ್ಳಿ. ಒಳಉಡುಪನ್ನು ಬಹಳ ಅಂಗಡಿಯವರು ವಾಪಸ್ ತಗೊಳ್ಳುವುದಿಲ್ಲ. ಮೂರರ ಪ್ಯಾಕ್ ಅಗ್ಗ ಅಂತ ಆಸೆಪಡದೆ ಮೊದಲು ಒಂದೇ ಪೀಸ್ ಕೇಳಿ.

ಆನ್‌ಲೈನ್‌ನಲ್ಲಿ ಬರುವ ಸೀಮ್‌ಲೆಸ್ ಬಗ್ಗೆ ನನಗೆ ತುಂಬಾ ಆಸೆಯಿತ್ತು. ಹೊಲಿಗೆಯೇ ಇಲ್ಲ, ಅಂಚನ್ನು ಲೇಸರ್‌ನಿಂದ ಕತ್ತರಿಸಿರುತ್ತಾರೆ. ಒತ್ತುವುದಿಲ್ಲ ಅನ್ನುವುದು ನಿಜ, ಗುರುತೇ ಬೀಳಲಿಲ್ಲ. ಆದರೆ ಬಟ್ಟೆ ನೈಲಾನ್. ಗಾಳಿಯಲ್ಲಿನ ತೇವವನ್ನು ಹತ್ತಿ ತನ್ನ ತೂಕದ ಶೇ 8ರಷ್ಟು ಹಿಡಿದಿಟ್ಟುಕೊಳ್ಳುತ್ತದೆ, ನೈಲಾನ್ ಅದರ ಅರ್ಧದಷ್ಟು, ಪಾಲಿಯೆಸ್ಟರ್ ಶೇ 1 ಕೂಡ ಇಲ್ಲ. ಎಸಿ ಆಫೀಸಿನವರಿಗೆ, ಡಿಸೆಂಬರ್‌ನಲ್ಲಿ ನನಗೂ ಸರಿ. ಮೇ ತಿಂಗಳಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲುವವರಿಗೆ ಅಲ್ಲ. ಮೋಡಾಲ್ ಇದಕ್ಕಿಂತ ಎಷ್ಟೋ ಮೇಲು. ಬೀಚ್ ಅನ್ನುವ ಮರದ ತಿರುಳಿನಿಂದ ಮಾಡುವ ನೂಲು ಅದು. ನಮ್ಮ ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಕಾಟನ್ ಒಗೆದು ಒಗೆದು ಒರಟಾಗುತ್ತದೆ, ಮೋಡಾಲ್ ಮೆತ್ತಗೇ ಉಳಿದಿದೆ. ಬೆಲೆ ಮಾತ್ರ ಜಾಸ್ತಿ, ಆಕಾರವೂ ಬೇಗ ಸಡಿಲವಾಯಿತು. ಬ್ಯಾಂಬೂ ಅಂತ ಮಾರುವುದು ಹೆಚ್ಚಾಗಿ ವಿಸ್ಕೋಸ್, ಅಂದರೆ ಬಿದಿರಿನ ತಿರುಳನ್ನು ರಾಸಾಯನಿಕದಲ್ಲಿ ಕರಗಿಸಿ ಮಾಡಿದ ನೂಲು. ಮೆತ್ತಗಿದೆ ಸರಿ, ಬಿದಿರಿನ ಮಹಿಮೆಗೆ ಅಷ್ಟು ದುಡ್ಡು ಯಾಕೆ ಅಂತ ತಿಳಿಯಲಿಲ್ಲ.

ತೊಡೆಸಂದಿಯ ಎಲಾಸ್ಟಿಕ್‌ಗೆ ಉತ್ತರ ಬಾಯ್‌ಶಾರ್ಟ್ಸ್. ಅಂಚು ತೊಡೆಯ ಮೇಲೆ ಇಳಿಯುತ್ತದೆ, ಸಂದಿಗೆ ಏನೂ ತಾಗುವುದಿಲ್ಲ. ಸೀರೆಯೊಳಗೆ ತೊಡೆ ಉಜ್ಜುವುದೂ ತಪ್ಪಿತು. ತಗೊಳ್ಳುವಾಗ ಕಾಲಿನ ಅಂಚಿನೊಳಗೆ ಎಲಾಸ್ಟಿಕ್ ಇಲ್ಲದೆ ಬರೀ ಮಡಚಿ ಹೊಲಿದಿದ್ದಾರಾ ನೋಡಿ.

ಇನ್ನು ಹೊಲಿಸಿದ್ದು. ಹಳೇ ಪಂಚೆ ಕೊಟ್ಟು ಲಾಡಿ ಹಾಕುವ ಸಡಿಲ ಚಡ್ಡಿ ಹೊಲಿದುಕೊಡಿ ಅಂದರೆ ಓಣಿಯ ಟೇಲರ್ "ಇದೇನ್ರಿ ಅಕ್ಕಾರ, ನಮ್ಮ ಅಜ್ಜಿ ಹಾಕೋಂತಿದ್ಲು" ಅಂತ ನಕ್ಕಳು. ಹಿಗ್ಗದ ಬಟ್ಟೆಯಾದ್ದರಿಂದ ಕಾಲ ಸಂದಿಗೆ ಚೌಕದ ತುಂಡು ಕೂಡಿಸಲೇಬೇಕು, ಇಲ್ಲದಿದ್ದರೆ ಕೂರುವಾಗ ಎಳೆಯುತ್ತದೆ. ಸೆಖೆಯ ರಾತ್ರಿಗೆ ಇದನ್ನು ಮೀರಿಸಿದ್ದು ಯಾವುದೂ ಇಲ್ಲ. ಹೊರಗೆ ಹೋಗುವಾಗ, ತಿಂಗಳ ಆ ದಿನಗಳಲ್ಲಿ, ಪ್ರಯೋಜನವಿಲ್ಲ. ಪ್ಯಾಡ್ ನಿಲ್ಲುವುದಿಲ್ಲ.

ಹಾಕುವುದನ್ನು ಬದಲಿಸಿ ಸುಮ್ನೆ ದುಡ್ಡು ಕಳೆಯುವ ಮೊದಲು ಗುರುತು ಎಷ್ಟು ಹೊತ್ತು ಇರುತ್ತದೆ ನೋಡಿಕೊಳ್ಳಿ. ಬಟ್ಟೆ ತೆಗೆದು ಗಂಟೆಯೊಳಗೆ ಮಾಯವಾದರೆ ಅದು ಒತ್ತಡ ಅಥವಾ ಉಜ್ಜಾಟದ್ದು. ಕೆಲವರಿಗೆ ಒತ್ತಿದ ನಾಲ್ಕಾರು ಗಂಟೆಯ ಮೇಲೆ ಊತ ಬರುವುದೂ ಉಂಟು. ಎಲಾಸ್ಟಿಕ್ಕಿನದೇ ಆಕಾರದಲ್ಲಿ ಕೆರೆತ ದಿನಗಟ್ಟಲೆ ಉಳಿದರೆ ರಬ್ಬರಿನಲ್ಲಿರುವ ರಾಸಾಯನಿಕದ ಅಲರ್ಜಿ ಇರಬಹುದು. ಗಾಢ ಬಣ್ಣದ ಸಿಂಥೆಟಿಕ್ ಬಟ್ಟೆಯ ಡೈ ಕೂಡ ಕೆಲವರಿಗೆ ಆಗುವುದಿಲ್ಲ. ಬಿಳುಪು ಬರಲಿ ಅಂತ ಬ್ಲೀಚ್ ಹಾಕಿದರೆ ರಬ್ಬರ್ ಎಲಾಸ್ಟಿಕ್ ಇನ್ನಷ್ಟು ಕಾಡಬಹುದು. ಉಂಗುರದ ಹಾಗೆ ಅಂಚು ಕೆಂಪಾಗಿ ಹರಡುತ್ತಿದ್ದರೆ ಅದು ಹುಳುಕಡ್ಡಿ, ಅಂದರೆ ಫಂಗಸ್ ಇರಬಹುದು. ಅದಕ್ಕೆ ಡಾಕ್ಟರು ಬೇಕು, ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಸ್ಟೆರಾಯ್ಡ್ ಬೆರೆತ ಟ್ಯೂಬ್ ಅಲ್ಲ. ಅದು ಮೊದಲು ಕೆರೆತ ಇಳಿಸಿ ಆಮೇಲೆ ಜಾಸ್ತಿ ಮಾಡುತ್ತದೆ. ಯಾರೂ ನೋಡಬಾರದು ಅಂತ ಒಳಉಡುಪನ್ನು ಟವೆಲ್ ಕೆಳಗೆ ಮುಚ್ಚಿ ಒಣಗಿಸುತ್ತೇವಲ್ಲ, ಅದನ್ನೂ ಬಿಡಬೇಕು. ತೇವ ಉಳಿದರೆ ಫಂಗಸ್‌ಗೆ ಹಬ್ಬ. ಗಾಳಿಯಾಡುವ ನೆರಳು ಸಾಕು, ಸುಡು ಬಿಸಿಲಿಗೆ ಎಲಾಸ್ಟಿಕ್ ಬೇಗ ಸತ್ತುಹೋಗುತ್ತದೆ.

ಒಳಗೆ ಏನೇ ಹಾಕಿದರೂ ಮೇಲೆ ಲಂಗದ ಲಾಡಿ ಬಿಗಿದರೆ ಎಲ್ಲ ವ್ಯರ್ಥ. 2024ರಲ್ಲಿ ಮಹಾರಾಷ್ಟ್ರದ ವರ್ಧಾ ಮತ್ತು ಬಿಹಾರದ ವೈದ್ಯರು ಬಿಎಂಜೆ ಕೇಸ್ ರಿಪೋರ್ಟ್ಸ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಇಬ್ಬರು ಹಿರಿಯ ಹೆಣ್ಣುಮಕ್ಕಳ ಬಗ್ಗೆ ಬರೆದರು. ಲಾಡಿ, ಸೀರೆ ವರ್ಷಗಟ್ಟಲೆ ಬಿಗಿದ ಜಾಗದಲ್ಲಿ ಮಾಯದ ಹುಣ್ಣಾಗಿ, ಅದು ಚರ್ಮದ ಕ್ಯಾನ್ಸರ್‌ಗೆ ತಿರುಗಿತ್ತು. ತೀರಾ ಅಪರೂಪ, ಹೆದರಬೇಕಿಲ್ಲ. ಆದರೆ ಸೊಂಟದ ಕಪ್ಪು ಗೆರೆ ನಮ್ಮ ಮನೆಯ ಎಲ್ಲ ಹೆಂಗಸರಿಗೂ ಇದೆ. ನಾನು ಲಾಡಿ ತೆಗೆಸಿ ಅಂಗೈ ಅಗಲದ ಬಟ್ಟೆ ಪಟ್ಟಿ, ಅದಕ್ಕೆ ಎರಡು ಸಾಲು ಹುಕ್ಕು ಹಾಕಿಸಿದ್ದೇನೆ. ಬೆಳಿಗ್ಗೆ ಒಳಸಾಲು, ಊಟವಾದ ಮೇಲೆ ಹೊರಸಾಲು. ಈಗಿನ ಸೀರೆ ಶೇಪ್‌ವೇರ್ ನಮ್ಮಂಥ ಮೈಗೆ ಬೇಡವೇ ಬೇಡ. ಬಿಗಿಯುವುದೇ ಅದರ ಕೆಲಸ ಅಲ್ವಾ?

ಬ್ರಾದಲ್ಲಿ ಪೂರ್ತಿ ಗೆದ್ದದ್ದು ಯಾವುದೂ ಇಲ್ಲ. ಸ್ಪೋರ್ಟ್ಸ್ ಬ್ರಾ ತೆಗೆಯುವುದೇ ಬೆವರಿನಲ್ಲಿ ಕುಸ್ತಿ. ವೈರ್ ಇಲ್ಲದ ಕಾಟನ್‌ನಲ್ಲಿ ಪಟ್ಟಿ ಒಂದು ಸೈಜ್ ದೊಡ್ಡದು, ಕಪ್ ಒಂದು ಅಕ್ಷರ ಕಡಿಮೆ, ಅಂದರೆ 34ಸಿ ಬದಲು 36ಬಿ, ಸದ್ಯಕ್ಕೆ ನಡೆಯುತ್ತಿದೆ. ಮನೆಯಲ್ಲಿ ಬರೀ ಶಿಮ್ಮಿ.

ಸಾಕ್ಸ್ ಹುಡುಕಿದ್ದು ಅವ್ವನಿಗೆ. ಸಕ್ಕರೆ ಕಾಯಿಲೆ, ಸಂಜೆಗೆ ಕಾಲು ಸ್ವಲ್ಪ ಊದುತ್ತದೆ. ಮಾಮೂಲಿ ಸಾಕ್ಸ್ ಬಳೆಯಂತೆ ಕೊರೆಯುತ್ತಿತ್ತು. ಮೇಲಿನ ಎಲಾಸ್ಟಿಕ್ ಕತ್ತರಿಸಿಕೊಟ್ಟರೆ ಜಾರಿ ಚಪ್ಪಲಿಯೊಳಗೆ ಮುದ್ದೆಯಾಯಿತು. ಮೆಡಿಕಲ್ ಶಾಪಿನ ಡಯಾಬಿಟಿಕ್ ಸಾಕ್ಸ್‌ನಲ್ಲಿ ಮೇಲಂಚು ಸಡಿಲ, ಬೆರಳಿನ ಹತ್ತಿರದ ಹೊಲಿಗೆ ಚಪ್ಪಟೆ, ನಿಂತಲ್ಲಿ ನಿಲ್ಲುತ್ತದೆ. ಪಕ್ಕದಲ್ಲೇ ಇಟ್ಟಿರುವ ಕಂಪ್ರೆಷನ್ ಸ್ಟಾಕಿಂಗ್ಸ್ ಬೇರೆಯೇ ವಸ್ತು. ಅದು ಉಬ್ಬಿದ ನರಕ್ಕೆ ಅಂತ ಬೇಕೆಂದೇ ಒತ್ತುತ್ತದೆ. ಕಾಲಿಗೆ ರಕ್ತ ಹರಿಯುವುದೇ ಕಡಿಮೆ ಇದ್ದವರಿಗೆ ಅದರಿಂದ ಹಾನಿ, ಡಾಕ್ಟರು ಹೇಳದೆ ಹಾಕಬಾರದು. ಡಯಾಬಿಟಿಕ್ ಸಾಕ್ಸ್ ಬಿಳಿಯದು ತಗೊಳ್ಳಿ ಅನ್ನುವುದಕ್ಕೂ ಕಾರಣವಿದೆ. ಪಾದ ಮರಗಟ್ಟಿದವರಿಗೆ ಗಾಯವಾದರೆ ಗೊತ್ತಾಗುವುದಿಲ್ಲ, ಬಿಳಿಯ ಮೇಲೆ ಕಲೆ ಕಾಣುತ್ತದೆ. ಅವ್ವನಿಗೆ ಅದೇ ಬೇಸರ. "ಈ ಧೂಳಿನ ಊರಾಗ ಬಿಳೇದ ಯಾರ್ ಹಾಕ್ತಾರ" ಅಂತ ಗೊಣಗುತ್ತಾಳೆ. ಎರಡು ಜೊತೆ ಜಾಸ್ತಿ ತಂದಿಟ್ಟಿದ್ದೇನೆ.